ನಿಮಗಿದು ಗೊತ್ತೇ? ಇಟಲಿಯಿಂದ ಹಡಗು ಹತ್ತಿದವರು

● 1876ರಿಂದ 1976ರವರೆಗಿನ ನೂರು ವರ್ಷಗಳಲ್ಲಿ ಇಟಲಿ ಬಿಟ್ಟು ಹೊರಟವರ ಲೆಕ್ಕ ಸುಮಾರು 2 ಕೋಟಿ 60 ಲಕ್ಷ. 1871ರ ಜನಗಣತಿಯಲ್ಲಿ ಇಡೀ ಇಟಲಿಯ ಜನಸಂಖ್ಯೆಯೇ 2 ಕೋಟಿ 68 ಲಕ್ಷ! ಹಾಗಂತ ದೇಶವೇನೂ ಖಾಲಿಯಾಗಲಿಲ್ಲ. ಹೋದವರಲ್ಲಿ ದೊಡ್ಡ ಪಾಲು ಜನ ನಾಲ್ಕು ಕಾಸು ಸೇರಿಸಿಕೊಂಡು ವಾಪಸ್ ಬಂದರು, ಕೆಲವರು ಮತ್ತೆ ಹೊರಟರು. ಹೊರಟ ಪ್ರತಿ ಸಲವೂ ಲೆಕ್ಕಕ್ಕೆ ಸೇರಿದೆ.

● ಅತಿ ಹೆಚ್ಚು ಮಂದಿ ಹೊರಟ ವರ್ಷ 1913. ಒಂದೇ ವರ್ಷದಲ್ಲಿ 8 ಲಕ್ಷ 70 ಸಾವಿರಕ್ಕೂ ಹೆಚ್ಚು. ಮರುವರ್ಷ ಮಹಾಯುದ್ಧ ಶುರುವಾಯಿತು, ಹಡಗುಗಳಿಗೆ ಬೇರೆ ಕೆಲಸ ಬಿತ್ತು.

● ಇಟಲಿಯ ವಲಸಿಗ ಅಂದರೆ ಸಿಸಿಲಿಯವನೇ ಅಂತ ಸಿನಿಮಾ ನೋಡಿ ನಂಬಿದವರೇ ಹೆಚ್ಚು. ಆದರೆ ಮೊದಲ ಅಲೆಯಲ್ಲಿ ಗಂಟುಮೂಟೆ ಕಟ್ಟಿದವರಲ್ಲಿ ಹೆಚ್ಚಿನವರು ಉತ್ತರದವರು: ವೆನೆಟೊ, ಫ್ರಿಯುಲಿ, ಪಿಯೆಡ್ಮಾಂಟ್ ಕಡೆಯ ರೈತರು. ದಕ್ಷಿಣದ ನೇಪಲ್ಸ್, ಕಲಾಬ್ರಿಯಾ, ಸಿಸಿಲಿ ಕಡೆಯವರ ಪ್ರವಾಹ ಆಮೇಲಿನದು.

● ಹೊರಟವರು 'ಇಟಾಲಿಯನ್ನರು' ಆಗಿದ್ದರೇ ಎಂಬುದೇ ಒಂದು ಪ್ರಶ್ನೆ. 1861ರಲ್ಲಿ ದೇಶ ಒಂದಾದಾಗ ಇಟಾಲಿಯನ್ ಭಾಷೆ ಬಲ್ಲವರು ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಲಿಲ್ಲ ಎಂದು ಭಾಷಾತಜ್ಞರ ಅಂದಾಜು. ಉಳಿದವರದ್ದು ಅವರವರ ಊರಿನ ಮಾತು. ನ್ಯೂಯಾರ್ಕಿನಲ್ಲಿ ಇಳಿದ ಮೇಲೂ ನೇಪಲ್ಸ್‌ನವರು ಮಲ್ಬೆರಿ ಬೀದಿ ಸೇರಿದರು, ಸಿಸಿಲಿಯವರು ಎಲಿಜಬೆತ್ ಬೀದಿ ಹಿಡಿದರು. ಎರಡೂ ಹತ್ತಿರದ ಬೀದಿಗಳೇ, ಆದರೂ ಇವರ ಮಾತು ಅವರಿಗೆ ಸರಿಯಾಗಿ ತಿಳಿಯದು, ಅವರ ಅಡುಗೆ ಇವರಿಗೆ ಹಿಡಿಸದು. ಇಬ್ಬರನ್ನೂ ಒಟ್ಟಾಗಿ 'ಇಟಾಲಿಯನ್ನರು' ಎಂದು ಕರೆದದ್ದು ಅಮೆರಿಕದವರು. ಈ ಅಂಕಣದುದ್ದಕ್ಕೂ ಗಮನಿಸಿ: ಇವರು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದದ್ದಕ್ಕಿಂತ ಒಂದು ಊರಿನಿಂದ ಇನ್ನೊಂದು ಊರಿಗೆ ಹೋದದ್ದೇ ಹೆಚ್ಚು.

● ಮೆಕ್ಸಿಕೊದ ಚಿಪಿಲೊ ಎಂಬ ಊರು ಹುಟ್ಟಿದ್ದು 1882ರಲ್ಲಿ. ಅಲ್ಲಿ ನೆಲೆಸಿದವರಲ್ಲಿ ಬಹುಪಾಲು ವೆನೆಟೊದ ಸೆಗುಸೀನೊ ಮತ್ತು ಅದರ ಅಕ್ಕಪಕ್ಕದ ಹಳ್ಳಿಗಳವರು. ಅವರ ಮರಿಮಕ್ಕಳು ಇವತ್ತಿಗೂ ಮನೆಯಲ್ಲಿ ಆಡುವುದು ಆ ಹಳ್ಳಿಗಳ ಮಾತನ್ನೇ. ಕಸುಬು ಹೈನುಗಾರಿಕೆ.

● ಬ್ರೆಜಿಲ್‌ನ ದಕ್ಷಿಣ ತುದಿಯ ರಿಯೊ ಗ್ರಾಂಡೆ ದೊ ಸುಲ್ ರಾಜ್ಯಕ್ಕೆ 1875ರಿಂದ ವೆನೆಟೊದ ರೈತರು ಬಂದರು. ಕಾಡು ಕಡಿದು ದ್ರಾಕ್ಷಿ ಹಾಕಿದರು. ಕಶಿಯಾಸ್ ದೊ ಸುಲ್ ಪಟ್ಟಣದ ದ್ರಾಕ್ಷಿ ಜಾತ್ರೆ 1931ರಲ್ಲಿ ಶುರುವಾದದ್ದು ಈಗಲೂ ನಡೆಯುತ್ತದೆ. ಅವರಾಡುವ 'ತಾಲಿಯಾನ್' ಭಾಷೆಗೆ 2014ರಲ್ಲಿ ಬ್ರೆಜಿಲ್ ಸರ್ಕಾರದಿಂದಲೇ ಸಾಂಸ್ಕೃತಿಕ ಪರಂಪರೆಯ ಮನ್ನಣೆ ಸಿಕ್ಕಿತು.

● ಅದೇ ಬ್ರೆಜಿಲ್‌ನ ಸಾವ್ ಪೌಲೊ ಕಡೆಗೆ ಹೋದವರ ಕಥೆ ಬೇರೆ. 1888ರಲ್ಲಿ ಗುಲಾಮಗಿರಿ ರದ್ದಾಯಿತು, ಕಾಫಿ ತೋಟಗಳಿಗೆ ಆಳುಗಳು ಬೇಕಾದರು. ಬಿಟ್ಟಿ ಹಡಗಿನ ಟಿಕೆಟ್ ಕೊಟ್ಟು ಇಟಲಿಯಿಂದ ಇಡೀ ಕುಟುಂಬಗಳನ್ನೇ ಕರೆಸಿಕೊಂಡರು. ಅನೇಕ ತೋಟಗಳಲ್ಲಿ ಸಂಬಳ ಬಾಕಿ, ತೋಟದ ಅಂಗಡಿಯಲ್ಲೇ ಸಾಲ, ಬಿಟ್ಟು ಹೋಗಲು ಬಿಡದ ಕಾವಲು. ದೂರುಗಳು ಎಷ್ಟಾದವೆಂದರೆ 1902ರಲ್ಲಿ ಇಟಲಿ ಸರ್ಕಾರವೇ ಬಿಟ್ಟಿ ಟಿಕೆಟ್ಟಿನ ವಲಸೆಯನ್ನು ನಿಷೇಧಿಸಿತು. ಗುಲಾಮರು ಹೋದ ಜಾಗಕ್ಕೆ ಬಂದವರಿಗೆ ಧಣಿಗಳು ಬೇರೆ ಮರ್ಯಾದೆ ಕೊಡುತ್ತಾರೆಂದು ನಂಬಿದವರು ಯಾರೋ!

● ವಂಚಕನೊಬ್ಬ ಕಟ್ಟಿಸಿದ ಊರಿನ ಕಥೆ ಕೇಳಿ. 1880ರ ಹೊತ್ತಿಗೆ ಮಾರ್ಕಿ ದ ರೇ ಎಂಬ ಫ್ರೆಂಚ್ ಗಣ್ಯ, ಪೆಸಿಫಿಕ್ ಸಾಗರದ ದ್ವೀಪವೊಂದರಲ್ಲಿ ತನ್ನ ಸ್ವರ್ಗದಂಥ ವಸಾಹತು ಇದೆಯೆಂದು ಜಾಹೀರಾತು ಹಾಕಿಸಿದ. ಕಾಸು ಕೊಟ್ಟರೆ ಜಮೀನು, ಮನೆ ಎರಡೂ ಸಿಗುತ್ತವೆ ಎಂದ. ವೆನೆಟೊ, ಫ್ರಿಯುಲಿಯ 300ಕ್ಕೂ ಹೆಚ್ಚು ರೈತರು ಇದ್ದಬದ್ದದ್ದನ್ನು ಮಾರಿ ಬಾರ್ಸಿಲೋನಾದಲ್ಲಿ 'ಇಂಡಿಯಾ' ಎಂಬ ಹಡಗು ಹತ್ತಿದರು. ಇಳಿದದ್ದು ನ್ಯೂ ಐರ್ಲೆಂಡ್ ದ್ವೀಪದ ದಟ್ಟಕಾಡಿನ ಅಂಚಿಗೆ. ಬಂದರಿಲ್ಲ, ಮನೆಯಿಲ್ಲ, ಉಳುವುದಕ್ಕೆ ನೆಲವಿಲ್ಲ. ಜ್ವರ, ಹಸಿವಿನಲ್ಲಿ ಒಬ್ಬೊಬ್ಬರೇ ಸತ್ತರು. ಉಳಿದ 217 ಮಂದಿ ಹೇಗೋ ನ್ಯೂ ಕ್ಯಾಲಿಡೋನಿಯಾ ಮುಟ್ಟಿ, 1881ರಲ್ಲಿ ಸಿಡ್ನಿಗೆ ಬಂದು ಬಿದ್ದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನ ಸರ್ಕಾರ ಅವರನ್ನು ಬೇರೆಬೇರೆ ಕಡೆ ಕೆಲಸಕ್ಕೆ ಹಂಚಿತು. ಆದರೂ ಬಿಡಲಿಲ್ಲ ಅವರು. ಮರುವರ್ಷವೇ ಒಬ್ಬೊಬ್ಬರಾಗಿ ಒಂದೆಡೆ ಸೇರಿ, ಯಾರೂ ಬೇಡವೆಂದು ಬಿಟ್ಟಿದ್ದ ಬರಡು ಜಾಗ ಹಿಡಿದು 'ನ್ಯೂ ಇಟಲಿ' ಎಂಬ ಹಳ್ಳಿ ಕಟ್ಟಿದರು. ದ್ರಾಕ್ಷಿ ಬೆಳೆದರು, ರೇಷ್ಮೆಯನ್ನೂ ಮಾಡಿದರು. ಮಾರ್ಕಿ ಮಹಾಶಯ ಫ್ರಾನ್ಸಿನಲ್ಲಿ ಜೈಲು ಸೇರಿದ.

● ಅರ್ಜೆಂಟೀನಾದಲ್ಲಿ 'ಗೊಲೊಂದ್ರೀನಾ', ಅಂದರೆ ಬಾನಕ್ಕಿ ಎಂಬ ಹೆಸರಿನ ಕೂಲಿಗಳಿದ್ದರು. ಇಟಲಿಯಲ್ಲಿ ಕೊಯ್ಲು ಮುಗಿಸಿ ಹಡಗು ಹತ್ತುವುದು, ಭೂಮಿಯ ಆ ಕಡೆ ಬೇಸಿಗೆ ಬರುವ ಹೊತ್ತಿಗೆ ಅಲ್ಲಿ ಗೋಧಿ ಕೊಯ್ಯುವುದು, ಮತ್ತೆ ವಾಪಸ್. ವರ್ಷಕ್ಕೆರಡು ಸುಗ್ಗಿ. ವಿಮಾನವಿಲ್ಲದ ಕಾಲದಲ್ಲಿ!

● ಅರ್ಜೆಂಟೀನಾದ ಬಾವುಟ ರೂಪಿಸಿದ ಮನುವೆಲ್ ಬೆಲ್‌ಗ್ರಾನೊ ಅವರ ತಂದೆ ಇಟಲಿಯ ಲಿಗೂರಿಯಾ ಕರಾವಳಿಯ ಒನೇಲಿಯಾದಿಂದ ಹೋದವರು. ಬಾವುಟ ಮೊದಲು ಏರಿದ್ದು 1812ರಲ್ಲಿ. ಆಗಿನ್ನೂ ಇಟಲಿ ಒಂದು ದೇಶವೇ ಆಗಿರಲಿಲ್ಲ.

● ಬ್ಯೂನಸ್ ಐರಿಸ್‌ನಲ್ಲಿ ಪ್ರತಿ ತಿಂಗಳ 29ನೇ ತಾರೀಕು ನ್ಯೋಕಿ ತಿನ್ನುವ ದಿನ. ಆಲೂಗಡ್ಡೆ, ಹಿಟ್ಟು ಕಲಸಿ ಮಾಡುವ ಪುಟ್ಟ ಉಂಡೆಗಳವು. ಸಂಬಳ ಬರುವ ಮುಂಚಿನ ಬರಿಗೈ ದಿನಗಳಲ್ಲಿ ಅಗ್ಗದಲ್ಲಿ ಹೊಟ್ಟೆ ತುಂಬುವ ಅಡುಗೆ. ತಟ್ಟೆಯ ಕೆಳಗೆ ಒಂದು ನೋಟು ಇಟ್ಟುಕೊಂಡು ತಿಂದರೆ ಬರುವ ತಿಂಗಳು ಕೈಯಲ್ಲಿ ಕಾಸು ನಿಲ್ಲುತ್ತದಂತೆ. ಕಚೇರಿಗೆ ತಿಂಗಳ ಕೊನೆಯಲ್ಲಿ ಸಂಬಳಕ್ಕೆ ಮಾತ್ರ ಮುಖ ತೋರಿಸುವ ಸರ್ಕಾರಿ ನೌಕರನನ್ನೂ ಅಲ್ಲಿನವರು 'ನ್ಯೋಕಿ' ಎಂದೇ ಕರೆಯುತ್ತಾರೆ. ಆ ಜಾತಿಯವರು ಅರ್ಜೆಂಟೀನಾದಲ್ಲಿ ಮಾತ್ರ ಇದ್ದಾರೆಂದೇನೂ ಅಲ್ಲ ಬಿಡಿ.

● ಅದೇ ಊರಿನ ಪಿಜ್ಜಾ ಅಂಗಡಿಗಳಲ್ಲಿ ಪಿಜ್ಜಾದ ಮೇಲೆ ಇನ್ನೊಂದು ತುಂಡು ಹೇರಿಕೊಂಡು ತಿನ್ನುತ್ತಾರೆ. ಅದರ ಹೆಸರು ಫೈನಾ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಒಲೆಗೂಡಿನಲ್ಲಿ ಬೇಯಿಸಿದ್ದು. ಇದು ಜಿನೋವಾದವರ ತಿಂಡಿ, ಪಿಜ್ಜಾ ನೇಪಲ್ಸ್‌ನವರದ್ದು. ಇಟಲಿಯಲ್ಲಿ ಈ ಎರಡೂ ಒಂದರ ಮೇಲೊಂದು ಕೂರುವುದು ಅಪರೂಪ.

● ಎರಡು ಬೇರೆಬೇರೆ ದೇಶಗಳ ಪರವಾಗಿ ವಿಶ್ವಕಪ್ ಫುಟ್‌ಬಾಲ್ ಫೈನಲ್ ಆಡಿದ ಆಟಗಾರ ಒಬ್ಬನೇ: ಲೂಯಿಸ್ ಮೊಂತಿ. 1930ರಲ್ಲಿ ಅರ್ಜೆಂಟೀನಾ ಪರ ಆಡಿ ಸೋತ, 1934ರಲ್ಲಿ ಇಟಲಿ ಪರ ಆಡಿ ಗೆದ್ದ. ವಲಸಿಗರ ಮಕ್ಕಳನ್ನು ರಕ್ತಸಂಬಂಧದ ಹೆಸರಲ್ಲಿ ವಾಪಸ್ ಕರೆಸಿಕೊಳ್ಳುವುದು ಮುಸೊಲಿನಿಗೆ ಆಗ ಬಹಳ ಅನುಕೂಲವಾಗಿತ್ತು.

● 1927ರ ಅಕ್ಟೋಬರ್‌ನಲ್ಲಿ 'ಪ್ರಿನ್ಚಿಪೆಸ್ಸಾ ಮಫಾಲ್ದಾ' ಎಂಬ ಹಡಗು ಬ್ರೆಜಿಲ್ ಕರಾವಳಿಯಲ್ಲಿ ಮುಳುಗಿ 300ಕ್ಕೂ ಹೆಚ್ಚು ಮಂದಿ ಸತ್ತರು. ಪಿಯೆಡ್ಮಾಂಟ್‌ನ ಒಂದು ಕುಟುಂಬ ಅದಕ್ಕೆ ಟಿಕೆಟ್ ತೆಗೆದಿಟ್ಟಿತ್ತು. ಆಸ್ತಿ ಮಾರಾಟ ಕುದುರದೆ ಪ್ರಯಾಣ ತಪ್ಪಿತು. ಅವರು ಅರ್ಜೆಂಟೀನಾ ಮುಟ್ಟಿದ್ದು 1929ರಲ್ಲಿ, ಅಲ್ಲಿನ ಸುಡುಬೇಸಿಗೆಯಲ್ಲಿ. ಮನೆಯ ಅಜ್ಜಿ ರೋಸಾ ಮಾತ್ರ ನರಿಯ ತುಪ್ಪಳದ ಕೋಟು ಬಿಚ್ಚದೆ ಇಳಿದರಂತೆ: ಮಾರಿ ಬಂದ ದುಡ್ಡೆಲ್ಲ ಅದರ ಒಳಮೈಗೆ ಹೊಲಿದಿಟ್ಟಿತ್ತು. ಆ ಅಜ್ಜಿಯ ಮೊಮ್ಮಗನೇ ಮುಂದೆ ಪೋಪ್ ಫ್ರಾನ್ಸಿಸ್ ಆದದ್ದು.

● ಹೋದವರು ಗಂಡಸರಷ್ಟೇ ಎಂದುಕೊಳ್ಳಬೇಡಿ. ಎದ್‌ಮೊಂದೊ ದೆ ಅಮೀಚಿಸ್ 1886ರಲ್ಲಿ ಬರೆದ 'ಕ್ವೋರೆ' ಪುಸ್ತಕದಲ್ಲಿ ಒಂದು ಕಥೆ: ತಾಯಿ ಮನೆಗೆಲಸಕ್ಕೆಂದು ಅರ್ಜೆಂಟೀನಾಕ್ಕೆ ಹೋಗಿದ್ದಾಳೆ, ಸುದ್ದಿ ನಿಂತಿದೆ, ಮಗ ಮಾರ್ಕೊ ಜಿನೋವಾದಿಂದ ಒಬ್ಬನೇ ಹುಡುಕಿಕೊಂಡು ಹೊರಡುತ್ತಾನೆ. 1976ರಲ್ಲಿ ಜಪಾನಿನವರು ಇದನ್ನು ಕಾರ್ಟೂನ್ ಧಾರಾವಾಹಿ ಮಾಡಿ ಪ್ರಪಂಚದ ಮಕ್ಕಳನ್ನೆಲ್ಲ ಅಳಿಸಿದರು.

● ಊರಲ್ಲೇ ಉಳಿದ ಹೆಂಡತಿಯರಿಗೆ ಇಟಲಿಯಲ್ಲಿ 'ಬಿಳಿ ವಿಧವೆಯರು' ಎಂಬ ಹೆಸರಿತ್ತು. ಗಂಡ ಸತ್ತಿಲ್ಲ, ಆದರೆ ಮನೆಯಲ್ಲೂ ಇಲ್ಲ. ಹೊಲ, ಸಾಲ, ಕೋರ್ಟು ಕಚೇರಿ ಎಲ್ಲ ಅವರ ತಲೆಮೇಲೆ. ಗಂಡ ಕಳಿಸುವ ದುಡ್ಡನ್ನು ದಲ್ಲಾಳಿಗಳು ನುಂಗುವುದು ಹೆಚ್ಚಾದಾಗ, 1901ರಲ್ಲಿ ಕಾನೂನು ಮಾಡಿ ಆ ಹಣ ತಲುಪಿಸುವ ಹೊಣೆಯನ್ನು ಬ್ಯಾಂಕೊ ದಿ ನಾಪೊಲಿಗೆ ವಹಿಸಿದರು.

● ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರನ್ನೇ ಬದಲಾಯಿಸಿಬಿಡುತ್ತಿದ್ದರು ಎಂಬುದು ಕಟ್ಟುಕಥೆ. ಅವರ ಕೈಯಲ್ಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ಬರೆದ ಪಟ್ಟಿ. ಅದಕ್ಕೆ ಟಿಕ್ ಹಾಕುವುದಷ್ಟೇ ಕೆಲಸ. ಹೆಸರು ಬದಲಾದದ್ದು ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಎಷ್ಟೋ ಸಲ ಅವರವರ ಇಷ್ಟದಿಂದಲೇ. ಆ ದ್ವೀಪದಲ್ಲಿ 1907ರಿಂದ 1910ರವರೆಗೆ ದುಭಾಷಿಯಾಗಿದ್ದ ಫಿಯೊರೆಲ್ಲೊ ಲಾ ಗ್ವಾರ್ಡಿಯಾ 1934ರಲ್ಲಿ ನ್ಯೂಯಾರ್ಕಿನ ಮೇಯರ್ ಆದರು.

● 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಜೈಲಿಗೆ ನುಗ್ಗಿ 11 ಮಂದಿ ಇಟಲಿಯವರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥನ ಕೊಲೆಯ ಆರೋಪ ಅವರ ಮೇಲಿತ್ತು. ವಿಚಾರಣೆಗೆ ಒಳಗಾದ ಯಾರ ಮೇಲೂ ಅಪರಾಧ ಸಾಬೀತಾಗಿರಲಿಲ್ಲ. ಇಟಲಿ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಅಮೆರಿಕ 25,000 ಡಾಲರ್ ಪರಿಹಾರ ಕೊಟ್ಟು ಕೈತೊಳೆದುಕೊಂಡಿತು.

● 1924ರಲ್ಲಿ ಅಮೆರಿಕ ಬಾಗಿಲು ಹಾಕಿತು. ಹೊಸ ಕಾಯ್ದೆಯಲ್ಲಿ ಇಟಲಿಗೆ ಸಿಕ್ಕ ಪಾಲು ವರ್ಷಕ್ಕೆ 3,845 ಜನ. ಲೆಕ್ಕಕ್ಕೆ ಹಿಡಿದದ್ದು 1890ರ ಜನಗಣತಿ. ಇಟಲಿಯವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದೇ ಅದರ ನಂತರ ಎಂಬುದು ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

● ಪೆನ್ಸಿಲ್ವೇನಿಯಾದ ರೊಸೆಟೊ ಎಂಬ ಊರಿಗೆ ಆ ಹೆಸರು ಬಂದದ್ದು ದಕ್ಷಿಣ ಇಟಲಿಯ ರೊಸೆಟೊ ವಾಲ್‌ಫೊರ್ತೊರೆ ಎಂಬ ಹಳ್ಳಿಯಿಂದ. ಅಲ್ಲಿಯವರು ಸ್ಲೇಟು ಕಲ್ಲಿನ ಗಣಿ ಕೆಲಸಕ್ಕೆ ಬಂದು ಕಟ್ಟಿದ ಊರು. 1960ರ ದಶಕದಲ್ಲಿ ವೈದ್ಯರು ತಲೆ ಕೆರೆದುಕೊಂಡರು: ಇಲ್ಲಿಯವರು ಹಂದಿಕೊಬ್ಬಿನಲ್ಲಿ ಕರಿದು ತಿನ್ನುತ್ತಾರೆ, ಚುಟ್ಟಾ ಸೇದುತ್ತಾರೆ, ಆದರೂ ಪಕ್ಕದ ಊರುಗಳಿಗಿಂತ ಹೃದಯಾಘಾತದ ಸಾವು ಬಹಳ ಕಡಿಮೆ. ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಒಂದೇ ಸೂರಿನಡಿ ಇರುವ ಒಟ್ಟುಬಾಳ್ವೆಯೇ ಕಾರಣ ಎಂದು ಸಂಶೋಧಕರು ತೀರ್ಮಾನಿಸಿದರು. ಮುಂದಿನ ಪೀಳಿಗೆ ದೊಡ್ಡ ಕಾರು, ಬೇಲಿ ಹಾಕಿದ ಬೇರೆ ಮನೆ ಅಂತ ಹೋದಮೇಲೆ ಅಂಕಿ ಉಳಿದ ಅಮೆರಿಕದ ಸಮಕ್ಕೆ ಬಂತು. ಒಟ್ಟುಕುಟುಂಬದ ಪರ ವಾದಿಸುವ ಸೋದರಮಾವಂದಿರಿಗೆ ಇದನ್ನು ಓದಿ ಹೇಳದಿರುವುದು ಕ್ಷೇಮ.

● ವರ್ಮಾಂಟ್ ರಾಜ್ಯದ ಬ್ಯಾರಿ ಊರಿನ ಗ್ರಾನೈಟ್ ಶೆಡ್ಡುಗಳಿಗೆ ಕರ್ರಾರಾದಿಂದ, ಲೊಂಬಾರ್ಡಿಯಿಂದ ಕಲ್ಲುಕುಟಿಗರು ಬಂದರು. ಕೈಚಳಕದಲ್ಲಿ ಅಸಾಧ್ಯರು, ರಾಜಕೀಯದಲ್ಲಿ ಬಿಸಿರಕ್ತದವರು. 1903ರಲ್ಲಿ ಅವರದೇ ಸಭಾಭವನದಲ್ಲಿ ಸಮಾಜವಾದಿಗಳಿಗೂ ಅರಾಜಕತಾವಾದಿಗಳಿಗೂ ಜಗಳ ಹತ್ತಿ, ಎಲಿಯಾ ಕೋರ್ತಿ ಎಂಬ ಹೆಸರಾಂತ ಶಿಲ್ಪಿ ಗುಂಡು ತಗುಲಿ ಸತ್ತ. ಅವನ ಸಮಾಧಿಯನ್ನು ಮನೆಯವರೇ ಕೆತ್ತಿದರು: ಆಳೆತ್ತರದ ಕೋರ್ತಿ, ಕೋಟು ತೊಟ್ಟು, ಗಲ್ಲಕ್ಕೆ ಕೈಯಾನಿಸಿ ಕೂತಿದ್ದಾನೆ, ಕಾಲ ಬುಡದಲ್ಲಿ ಅವನ ಸುತ್ತಿಗೆ, ಮೂಲೆಮಟ್ಟ. ಕೋಟಿನ ಗುಂಡಿಯನ್ನೂ ಕಲ್ಲಿನಲ್ಲಿ ಬಿಟ್ಟಿಲ್ಲ. ಆ ಸಮಾಧಿಯಿರುವ ಹೋಪ್ ಸ್ಮಶಾನದಲ್ಲಿ ಕಲ್ಲುದೂಳು ಪುಪ್ಪುಸಕ್ಕೆ ಹೋಗಿ ಸಿಲಿಕೋಸಿಸ್‌ನಿಂದ ಸತ್ತ ಕಲ್ಲುಕುಟಿಗರು ಅನೇಕರಿದ್ದಾರೆ. ಶೆಡ್ಡು ಮುಚ್ಚಿಕೊಂಡು ಯಂತ್ರದಲ್ಲಿ ಕೊರೆಯಲು ತೊಡಗಿದಮೇಲೆ ಆ ಪಿಡುಗು ಹೆಚ್ಚಿತು. ದೂಳು ಹೀರುವ ಯಂತ್ರ ಬಂದದ್ದು 1930ರ ದಶಕದಲ್ಲಿ.

● ಸ್ಯಾನ್ ಫ್ರಾನ್ಸಿಸ್ಕೊದ ಅಮದೇವೊ ಜನ್ನೀನಿ, ಲಿಗೂರಿಯಾ ವಲಸಿಗರ ಮಗ, 1904ರಲ್ಲಿ 'ಬ್ಯಾಂಕ್ ಆಫ್ ಇಟಲಿ' ತೆರೆದರು. ದೊಡ್ಡ ಬ್ಯಾಂಕುಗಳು ಬಾಗಿಲಿಗೂ ಬಿಟ್ಟುಕೊಳ್ಳದ ಮೀನುಗಾರರು, ತರಕಾರಿಯವರೇ ಗಿರಾಕಿಗಳು. 1906ರ ಭೂಕಂಪದಲ್ಲಿ ಊರಿಗೆ ಬೆಂಕಿ ಬಿದ್ದಾಗ ಜನ್ನೀನಿ ಬ್ಯಾಂಕಿನ ದುಡ್ಡನ್ನು ತರಕಾರಿ ಗಾಡಿಯಲ್ಲಿ ಕಿತ್ತಳೆ ಪೆಟ್ಟಿಗೆಗಳ ಕೆಳಗೆ ಅಡಗಿಸಿ ಸಾಗಿಸಿದರು. ಉಳಿದ ಬ್ಯಾಂಕುಗಳ ತಿಜೋರಿ ಕಾದು ಕೆಂಡವಾಗಿ ತೆರೆಯಲಾಗದಿದ್ದಾಗ, ಇವರು ಬಂದರಿನ ಕಟ್ಟೆಯಲ್ಲಿ ಎರಡು ಪೀಪಾಯಿ ಮೇಲೆ ಹಲಗೆ ಹಾಕಿ ಕೂತು ಸಾಲ ಕೊಟ್ಟರು. ಅದೇ ಇವತ್ತಿನ ಬ್ಯಾಂಕ್ ಆಫ್ ಅಮೆರಿಕ.

● ಅದೇ ಊರಿನ ಮೀನುಗಾರನೊಬ್ಬನ ಮಗ ಬೇಸ್‌ಬಾಲ್ ತಾರೆ ಜೋ ಡಿಮ್ಯಾಜಿಯೊ. ಎರಡನೇ ಮಹಾಯುದ್ಧದಲ್ಲಿ ಮಗನಿಗೆ ಅಮೆರಿಕವೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಅಪ್ಪ 'ಶತ್ರುದೇಶದ ಪ್ರಜೆ'. ದಶಕಗಳಿಂದ ದೋಣಿ ಕಟ್ಟುತ್ತಿದ್ದ ಬಂದರಿಗೆ ಕಾಲಿಡುವಂತಿಲ್ಲ. ಪೌರತ್ವದ ಅರ್ಜಿ ಹಾಕದೆ ಉಳಿದದ್ದಷ್ಟೇ ತಪ್ಪು.

● ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಕಾಫಿ, ಐಸ್‌ಕ್ರೀಮ್ ಅಂಗಡಿ ಇಟ್ಟವರು ಬಹುತೇಕ ಒಂದೇ ಕಡೆಯವರು: ಉತ್ತರ ಇಟಲಿಯ ಬಾರ್ದಿ ಎಂಬ ಬೆಟ್ಟದೂರಿನವರು. ಮೊದಲು ಬಂದವರಲ್ಲಿ ಬ್ರಾಕ್ಕಿ ಎಂಬ ಮನೆತನ ಹೆಸರಾಗಿ, ಯಾರದೇ ಅಂಗಡಿಯಿರಲಿ ಗಣಿಯವರು 'ಬ್ರಾಕ್ಕಿ' ಎಂದೇ ಕರೆದರು. 1940ರ ಜೂನ್ 10ರಂದು ಮುಸೊಲಿನಿ ಯುದ್ಧ ಸಾರಿದ್ದೇ ತಡ, ಅಂದೇ ರಾತ್ರಿಯಿಂದ ಬ್ರಿಟನ್ನಿನಲ್ಲಿ ಇಟಲಿಯ ಗಂಡಸರ ಬಂಧನ ಶುರು. ಇವರಲ್ಲಿ ನೂರಾರು ಮಂದಿಯನ್ನು, ಜರ್ಮನ್ ಬಂಧಿತರ ಜತೆಗೆ, 'ಅರಂದೋರಾ ಸ್ಟಾರ್' ಹಡಗಿನಲ್ಲಿ ಕೆನಡಾಕ್ಕೆ ಸಾಗಿಸುವಾಗ ಜುಲೈ 2ರಂದು ಜರ್ಮನಿಯ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು. ಸತ್ತ 800ಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಟಲಿಯವರು, ಅವರಲ್ಲಿ ಎಷ್ಟೋ ಮಂದಿ ಕೆಫೆಯವರು, ಐಸ್‌ಕ್ರೀಮಿನವರು, ಹೋಟೆಲ್ ಮಾಣಿಗಳು. ಬಾರ್ದಿ ಎಂಬ ಪುಟ್ಟ ಊರೊಂದರ ಸುತ್ತಮುತ್ತಲೇ ಹತ್ತಾರು ಮನೆಗಳಲ್ಲಿ ಸೂತಕ.

● ನಮ್ಮಲ್ಲಿ ಉಡುಪಿ ಹೋಟೆಲ್ ಹೇಗೋ ಜರ್ಮನಿಯಲ್ಲಿ ಇಟಾಲಿಯನ್ ಐಸ್‌ಕ್ರೀಮ್ ಅಂಗಡಿ ಹಾಗೆ: ಅದರ ಹಿಂದಿರುವುದು ಇಡೀ ದೇಶವಲ್ಲ, ಡೊಲೊಮೈಟ್ ಬೆಟ್ಟಗಳ ತ್ಸೋಲ್ದೊ ಮತ್ತು ಕಾದೋರೆ ಎಂಬ ಎರಡು ಕಣಿವೆಗಳು. ವಸಂತದಲ್ಲಿ ಬಂದು ಅಂಗಡಿ ತೆರೆಯುವುದು, ಚಳಿ ಹತ್ತಿದ ಕೂಡಲೇ ಬೀಗ ಹಾಕಿ ಕಣಿವೆಗೆ ವಾಪಸ್. 1969ರಲ್ಲಿ ಮಾನ್‌ಹೈಮ್‌ನ ದಾರಿಯೊ ಫೊಂತನೆಲ್ಲಾ ವೆನಿಲ್ಲಾ ಐಸ್‌ಕ್ರೀಮನ್ನು ಅಚ್ಚಿನಲ್ಲಿ ಒತ್ತಿ ಶಾವಿಗೆ ಎಳೆ ಇಳಿಸಿ, ಮೇಲೆ ಸ್ಟ್ರಾಬೆರಿ ರಸ ಹೊಯ್ದು 'ಸ್ಪಗೆಟಿ ಐಸ್' ಎಂದರು. ಐಸ್‌ಕ್ರೀಮ್ ಕೇಳಿದರೆ ಸ್ಪಗೆಟಿ ಕೊಟ್ಟರೆಂದು ಮೊದಮೊದಲು ಮಕ್ಕಳು ಅತ್ತವಂತೆ. ಇಟಲಿಗೆ ಹೋಗಿ ಕೇಳಿದರೆ ಸಿಗುವುದು ಕಷ್ಟ.

● 1946ರಲ್ಲಿ ಇಟಲಿ ಬೆಲ್ಜಿಯಂ ಜತೆ ಒಪ್ಪಂದ ಮಾಡಿಕೊಂಡಿತು: ನೀವು ಕಲ್ಲಿದ್ದಲು ಕೊಡಿ, ನಾವು 50,000 ಆಳು ಕಳಿಸುತ್ತೇವೆ. ರೈಲಿನಲ್ಲಿ ಬಂದಿಳಿದವರನ್ನು ಯುದ್ಧಕೈದಿಗಳಿಗೆಂದು ಕಟ್ಟಿದ್ದ ತಗಡಿನ ಶೆಡ್ಡುಗಳಲ್ಲೇ ಇಳಿಸಿದರು. 1956ರ ಆಗಸ್ಟ್ 8ರಂದು ಮಾರ್ಸಿನೆಲ್‌ನ ಗಣಿಯಲ್ಲಿ, ಪಂಜರಕ್ಕೆ ಸರಿಯಾಗಿ ಕೂರದ ಒಂದು ಇದ್ದಿಲಗಾಡಿ ಮೇಲೇರುವಾಗ ಸಿಕ್ಕಿಕೊಂಡು ವಿದ್ಯುತ್ ತಂತಿ, ಎಣ್ಣೆಯ ಕೊಳವೆ ಎರಡನ್ನೂ ಕತ್ತರಿಸಿತು. ಬೆಂಕಿ ಹತ್ತಿ, ಹೊಗೆ ಒಳಗೆಲ್ಲ ತುಂಬಿ 262 ಮಂದಿ ಸತ್ತರು; 136 ಮಂದಿ ಇಟಲಿಯವರು, ಅದರಲ್ಲೂ ಮನೊಪ್ಪೆಲ್ಲೊ ಎಂಬ ಒಂದೇ ಊರಿನವರು 20ಕ್ಕೂ ಹೆಚ್ಚು. ಇಂಥದೇ ಗಣಿ ಸೀಮೆಗೆ ಬಂದ ಕುಟುಂಬವೊಂದರಲ್ಲಿ, 1951ರಲ್ಲಿ, ಶೆಡ್ಡಿನಲ್ಲಿ ಹುಟ್ಟಿದ ಮಗು ಎಲಿಯೊ ದಿ ರೂಪೊ. ಒಂದು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. 2011ರಲ್ಲಿ ಅವರು ಬೆಲ್ಜಿಯಂನ ಪ್ರಧಾನಿಯಾದರು.

● ಸ್ವಿಟ್ಜರ್ಲೆಂಡಿನ ಗೊಟ್ಟಾರ್ಡ್ ಸುರಂಗ (1872-1882) ಕೊರೆದವರು ಬಹುಪಾಲು ಇಟಲಿಯವರು. ಒಳಗೆ ಸೆಕೆ, ಕೆಸರು, ಶೌಚಕ್ಕೂ ಅದೇ ಜಾಗ. ಬಿಳಿಚಿಕೊಂಡು ಬಸವಳಿದು ಬಂದವರನ್ನು ಪರೀಕ್ಷಿಸಿದ ಟ್ಯೂರಿನ್ ವೈದ್ಯರು 1880ರಲ್ಲಿ ಕಾರಣ ಪತ್ತೆಮಾಡಿದರು: ಕೊಕ್ಕೆಹುಳು.

● ಅದೇ ದೇಶದಲ್ಲಿ ಎರಡನೇ ಮಹಾಯುದ್ಧದ ನಂತರ ಹಂಗಾಮಿ ಕೂಲಿಗಳಿಗೆ ವರ್ಷಕ್ಕೆ ಒಂಬತ್ತು ತಿಂಗಳ ಪರವಾನಗಿ. ಹೆಂಡತಿ ಮಕ್ಕಳನ್ನು ತರುವಂತಿಲ್ಲ. ತಂದವರು ಮಕ್ಕಳನ್ನು ಕೋಣೆಯಲ್ಲಿ ಬಚ್ಚಿಟ್ಟರು. ಕಿಟಕಿ ಬಳಿ ಹೋಗಬೇಡ, ಜೋರಾಗಿ ನಗಬೇಡ, ಬಾಗಿಲು ಬಡಿದರೆ ಮಂಚದ ಕೆಳಗೆ. ಅಂಥ ಮಕ್ಕಳು ಸಾವಿರಾರು. 1970ರಲ್ಲಿ ವಿದೇಶಿಯರ ಸಂಖ್ಯೆಗೆ ಮಿತಿ ಹಾಕಬೇಕೆಂದು ಜನಮತವೇ ನಡೆಯಿತು. ಶೇಕಡಾ 54 ಮಂದಿ ಆ ಮಿತಿ ಬೇಡವೆಂದರು. ಮತ ಹಾಕಿದವರು ಗಂಡಸರು ಮಾತ್ರ, ಸ್ವಿಸ್ ಹೆಂಗಸರಿಗೆ ರಾಷ್ಟ್ರಮಟ್ಟದ ಮತ ಸಿಕ್ಕಿದ್ದೇ ಮರುವರ್ಷ.

● ಕ್ರಿಸ್‌ಮಸ್‌ಗೆ ಪನೆತ್ತೋನೆ ಕೇಕು ತಿನ್ನುವುದರಲ್ಲಿ ಇಟಲಿಯ ಜತೆ ಸ್ಪರ್ಧೆಗೆ ನಿಲ್ಲುವ ದೇಶ ಪೆರು. ವಲಸಿಗ ದೊನೊಫ್ರಿಯೊ ಮನೆತನದ ಕಂಪನಿ ಅದನ್ನು ಮನೆಮಾತಾಗಿಸಿತು. ಜತೆಗೆ ಬಿಸಿ ಚಾಕೊಲೇಟ್ ಇರಲೇಬೇಕು.

● ಮಂಗಳೂರಿಗೆ ಬಂದ ಇಟಲಿಯವರು ಹೊಟ್ಟೆಪಾಡಿಗೆ ಬಂದವರಲ್ಲ, ಜೆಸ್ಯುಟ್ ಸಂನ್ಯಾಸಿಗಳು. ಅವರಲ್ಲೊಬ್ಬರಾದ ಬೆರ್ಗಮೊ ಸೀಮೆಯ ಆಂತೋನಿಯೊ ಮೊಸ್ಕೇನಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಚಾವಣಿಯನ್ನೆಲ್ಲ ಸುಮಾರು ಎರಡು ವರ್ಷದಲ್ಲಿ ಚಿತ್ರದಿಂದ ತುಂಬಿಸಿದರು, ಮುಗಿದದ್ದು 1901ರಲ್ಲಿ. ಇನ್ನೊಬ್ಬರು, ಆಂಜೆಲೊ ಮಾಫೆಯಿ, 1880ರ ದಶಕದಲ್ಲಿ ಕೊಂಕಣಿಗೆ ವ್ಯಾಕರಣ, ನಿಘಂಟು ಬರೆದರು.

● ಹಾಲು ಕರೆಯಲು ಚಿಪಿಲೊಗೆ ಮಂದಿ ಕಳಿಸಿದ ಉತ್ತರ ಇಟಲಿಯಲ್ಲಿ ಈಗ ಹಾಲು ಕರೆಯುವವರಲ್ಲಿ ಅನೇಕರು ಪಂಜಾಬಿನ ಸಿಖ್ಖರು. ಪೊ ನದಿ ಬಯಲಿನ ಪಾರ್ಮಿಜಾನೊ ಚೀಸ್‌ಗೆ ಹೋಗುವ ಹಾಲಿನ ಎಷ್ಟೋ ಕೊಟ್ಟಿಗೆಗಳು ನಡೆಯುತ್ತಿರುವುದೇ ಇವರಿಂದ. ನೊವೆಲ್ಲಾರಾ ಎಂಬಲ್ಲಿ 2000ನೇ ಇಸವಿಯಲ್ಲಿ ದೊಡ್ಡ ಗುರುದ್ವಾರವೂ ಎದ್ದಿತು.

● ಹೊರದೇಶದಲ್ಲಿರುವ ಇಟಲಿ ಪ್ರಜೆಗಳಿಗೆ ಅಲ್ಲಿನ ಸಂಸತ್ತಿನಲ್ಲಿ ಪ್ರತ್ಯೇಕ ಸೀಟುಗಳಿವೆ. ಮೊದಲ ಸಲ ಜಾರಿಗೆ ಬಂದ 2006ರ ಚುನಾವಣೆಯಲ್ಲಿ ಮೇಲ್ಮನೆಯ ಬಲಾಬಲ ಎಷ್ಟು ಸಮಸಮವಾಗಿತ್ತೆಂದರೆ, ಅರ್ಜೆಂಟೀನಾದಿಂದ ಗೆದ್ದ ಲುಯಿಜಿ ಪಲ್ಲಾರೊ ಎಂಬ ಉದ್ಯಮಿ ರೋಮಿಗೆ ವಿಮಾನ ಹತ್ತಿದರೋ ಇಲ್ಲವೋ ಎಂದು ಸರ್ಕಾರ ಬಾಗಿಲು ಕಾಯುವಂತಾಗಿತ್ತು. ಈಗ ಸೀಟು ಕಡಿಮೆ: ಕೆಳಮನೆಯಲ್ಲಿ 8, ಮೇಲ್ಮನೆಯಲ್ಲಿ 4.

● 2025ರವರೆಗೆ ಮುತ್ತಾತನೋ ಅವನ ಅಪ್ಪನೋ ಇಟಲಿಯವನೆಂದು ಕಾಗದ ತೋರಿಸಿದರೆ ಸಾಕಿತ್ತು, ಪೌರತ್ವ ಕೇಳಬಹುದಿತ್ತು. ಇಟಲಿಯ ಕೋರ್ಟುಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾದವರ ಕಡತಗಳು ಗುಡ್ಡೆಬಿದ್ದವು. ಆ ವರ್ಷದ ಹೊಸ ಕಾನೂನು ಎರಡು ತಲೆಮಾರಿಗೆ ಗೆರೆ ಎಳೆಯಿತು: ಅಪ್ಪ-ಅಮ್ಮ ಅಥವಾ ಅಜ್ಜ-ಅಜ್ಜಿ, ಅದೂ ಷರತ್ತುಗಳ ಮೇಲೆ. ಹಾಗಾಗಿ ರಿಯೊ ಗ್ರಾಂಡೆ ದೊ ಸುಲ್‌ನಲ್ಲಿ ಐದನೇ ತಲೆಮಾರಿನವನಾಗಿ ಹುಟ್ಟಿ ಮನೆಯಲ್ಲಿ ತಾಲಿಯಾನ್ ಮಾತಾಡುವವನು ಆ ಗೆರೆಯಿಂದಾಚೆ. ಇಟಲಿಯ ಒಂದು ಪದ ಬಾರದಿದ್ದರೂ ಅಜ್ಜನ ಕಾಗದಪತ್ರ ಸರಿಯಿದ್ದವನು ಈಚೆ.